ಸ್ಥಳನಾಮದಿಂದ ನಿರ್ದೇಶಾಂಕಕ್ಕೆ: ಸ್ಮಾರ್ಟ್‌ವಾಚ್ ಆ್ಯಪ್‌ಗಳಲ್ಲಿ ಜಿಯೋಕೋಡಿಂಗ್

ಊರಿನ ಹೆಸರನ್ನೋ ವಿಳಾಸವನ್ನೋ ಅಕ್ಷಾಂಶ ಮತ್ತು ರೇಖಾಂಶವೆಂಬ ಎರಡು ಸಂಖ್ಯೆಗಳಾಗಿ ಮಾರ್ಪಡಿಸುವ ಕ್ರಿಯೆಗೆ ಜಿಯೋಕೋಡಿಂಗ್ ಎಂದು ಹೆಸರು. ಸ್ಮಾರ್ಟ್‌ವಾಚ್‌ಗೆ ‘ಮೈಸೂರು’ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. 12.30 ಉತ್ತರ, 76.64 ಪೂರ್ವ ಎಂದು ಕೊಟ್ಟರೆ ಅಲ್ಲಿನ ಸೂರ್ಯೋದಯ, ರಾಹುಕಾಲ, ನಮಾಜಿನ ಹೊತ್ತು, ಇಲ್ಲಿಂದ ಅಲ್ಲಿಗಿರುವ ದೂರ ಮತ್ತು ದಿಕ್ಕನ್ನು ತಾನೇ ಲೆಕ್ಕ ಹಾಕುತ್ತದೆ. ಹವಾಮಾನವನ್ನು ಸರ್ವರಿನಿಂದ ಕೇಳಿ ತರುತ್ತದೆ. ಇದಕ್ಕೆ ಉಲ್ಟಾ ಕ್ರಿಯೆ, ಅಂದರೆ ನಿರ್ದೇಶಾಂಕ ಕೊಟ್ಟು ಊರಿನ ಹೆಸರು ಪಡೆಯುವುದು, ರಿವರ್ಸ್ ಜಿಯೋಕೋಡಿಂಗ್. ಹವಾಮಾನದ ಪರದೆಯ ಮೇಲೆ ನಾವಿರುವ ಊರಿನ ಹೆಸರು ತಾನಾಗಿ ಮೂಡುವುದು ಅದರಿಂದ.

ಗಡಿಯಾರದಲ್ಲಿ ಜಿಪಿಎಸ್ ಇರುವಾಗ ಇದೇಕೆ ಬೇಕು ಎಂಬ ಪ್ರಶ್ನೆ ಸಹಜ. ಜಿಪಿಎಸ್ ಹೇಳುವುದು ಗಡಿಯಾರ ಈ ಹೊತ್ತಿನಲ್ಲಿ ಇರುವ ಜಾಗವನ್ನು ಮಾತ್ರ. ಬೆಂಗಳೂರಿನಲ್ಲಿ ಕೂತವರಿಗೆ ಶಿರಸಿಯ ಮಳೆಯ ಸುದ್ದಿ ಬೇಕಾದರೆ, ನ್ಯೂಜೆರ್ಸಿಯಲ್ಲಿ ನೆಲೆಸಿದ ಮಗಳಿಗೆ ತವರೂರಿನ ಸೂರ್ಯೋದಯದ ಹೊತ್ತು ಬೇಕಾದರೆ ಹೆಸರಿನಿಂದಲೇ ಹುಡುಕಬೇಕು. ಮನೆಯೊಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ, ಜಿಪಿಎಸ್ ಚಾಲೂ ಇಟ್ಟರೆ ಬ್ಯಾಟರಿ ಬೇಗ ಖಾಲಿ, ಅಗ್ಗದ ಗಡಿಯಾರಗಳಲ್ಲಿ ಆ ಚಿಪ್ಪೇ ಇರುವುದಿಲ್ಲ.

ಹಿನ್ನೆಲೆ

ಹೆಸರಿನ ಮುಂದೆ ಸಂಖ್ಯೆ ಬರೆದಿಡುವ ಪದ್ಧತಿ ಬಹಳ ಹಳೆಯದು. ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಸುಮಾರು 8,000 ಸ್ಥಳಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಹೆಚ್ಚಿನವಕ್ಕೆ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟ. ಅದರಲ್ಲಿ ಬರುವ ಬನೌಸೈ ಎಂಬ ಊರು ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಾವಿಕರ, ವರ್ತಕರ ಬಾಯಿಮಾತಿನ ದೂರಗಳನ್ನು ನಂಬಿ ಬರೆದ ಅವನ ಸಂಖ್ಯೆಗಳು ಇಂದಿನ ಭೂಪಟಕ್ಕೆ ಹೊಂದುವುದಿಲ್ಲ; ಭಾರತದ ಪರ್ಯಾಯ ದ್ವೀಪವೇ ಅವನ ನಕ್ಷೆಯಲ್ಲಿ ಚಪ್ಪಟೆಯಾಗಿ ಹೋಗಿದೆ. ಆದರೆ ಹೆಸರು, ಅಕ್ಷಾಂಶ, ರೇಖಾಂಶ ಎಂಬ ಮೂರು ಕಲಮಿನ ಕೋಷ್ಟಕವನ್ನು ಇವತ್ತಿನ ಸರ್ವರುಗಳೂ ಹಾಗೆಯೇ ಇಟ್ಟುಕೊಂಡಿವೆ. ಭಾರತದಲ್ಲಿ ನಂಬಬಹುದಾದ ಸಂಖ್ಯೆಗಳು ಬಂದದ್ದು 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರ ರೇಖೆ ಅಳೆದು ಆರಂಭಿಸಿದ ತ್ರಿಕೋನಮಿತಿ ಸರ್ವೇಕ್ಷಣೆಯಿಂದ.

ಕಂಪ್ಯೂಟರ್ ಮೂಲಕ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು ಅಮೆರಿಕದ ಜನಗಣತಿ ಇಲಾಖೆ. 1970ರ ಗಣತಿಗಾಗಿ ತಯಾರಾದ ‘ಡೈಮ್’ ಕಡತಗಳಲ್ಲಿ ಪ್ರತಿ ಬೀದಿಯನ್ನೂ ತುಂಡು ತುಂಡಾಗಿ ವಿಂಗಡಿಸಿ, ಎಡಬದಿಯ ಮತ್ತು ಬಲಬದಿಯ ಮನೆ ನಂಬರುಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ದಾಖಲಿಸಿದ್ದರು. 1990ರ ಗಣತಿಯ ಹೊತ್ತಿಗೆ ಅದು ‘ಟೈಗರ್’ ಎಂಬ ದೇಶವ್ಯಾಪಿ ದತ್ತಾಂಶವಾಯಿತು. ಒಂದು ತುಂಡಿನಲ್ಲಿ 100ರಿಂದ 200ರವರೆಗಿನ ಮನೆಗಳಿದ್ದರೆ 150ನೆಯದು ನಡುಮಧ್ಯೆ ಇರುತ್ತದೆ ಎಂಬ ಸರಳ ಊಹೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಬೆಂಗಳೂರಿನ ಬಡಾವಣೆಯಲ್ಲಿ ಅದು ನಡೆಯುವುದಿಲ್ಲ. ಹಳೆ ನಂಬರು, ಹೊಸ ನಂಬರು, ಸೈಟ್ ನಂಬರು ಬೇರೆ ಬೇರೆ; 4ನೇ ಮೇನ್ 7ನೇ ಕ್ರಾಸ್ ಎಂಬುದು ಪ್ರತಿ ಬ್ಲಾಕಿನಲ್ಲೂ, ಪ್ರತಿ ಹಂತದಲ್ಲೂ ಇರುತ್ತದೆ; ಕೊನೆಗೆ ವಿಳಾಸ ನಿಲ್ಲುವುದು ‘ಗಣಪತಿ ದೇವಸ್ಥಾನದ ಹಿಂದೆ’ ಎಂಬಲ್ಲಿಗೆ.

ಕೈಗಡಿಯಾರಕ್ಕೂ ಊರಿನ ಪಟ್ಟಿಗೂ ಸ್ಮಾರ್ಟ್‌ವಾಚ್‌ಗಿಂತ ಮೊದಲೇ ನಂಟು ಬೆಳೆದಿತ್ತು. ವರ್ಲ್ಡ್ ಟೈಮ್ ಗಡಿಯಾರಗಳಲ್ಲಿ ಲಂಡನ್, ಟೋಕಿಯೊ, ದೆಹಲಿ ಎಂದು ಮೂರಕ್ಷರದ ಸಂಕೇತ ಆರಿಸಿದರೆ ಅಲ್ಲಿನ ಸಮಯ ಬರುತ್ತಿತ್ತು. ನಮಾಜಿನ ಹೊತ್ತು ತೋರಿಸುವ ಅಲ್-ಫಜರ್ ಗಡಿಯಾರಗಳಲ್ಲೂ ಊರುಗಳ ಸಿದ್ಧ ಪಟ್ಟಿಯಿಂದ ನಮ್ಮ ಊರನ್ನು ಆರಿಸಬೇಕು. ಜಿಪಿಎಸ್ ಇದ್ದ ಮೊದಲ ಕೈಗಡಿಯಾರವನ್ನು ಕ್ಯಾಸಿಯೊ 1999ರಲ್ಲಿ ತಂದಿತು. 2013ರಲ್ಲಿ ಗಿರಾಕಿಗಳ ಕೈಸೇರಿದ ಪೆಬಲ್ ಗಡಿಯಾರ ಹೊಸದೊಂದು ಮಾದರಿ ಹಾಕಿಕೊಟ್ಟಿತು: ಗಡಿಯಾರ ತೋರಿಸುವುದಷ್ಟನ್ನೇ ಮಾಡಬೇಕು, ಇಂಟರ್ನೆಟ್ಟಿನ ಕೆಲಸ ಜೇಬಿನ ಫೋನಿನದು. 2015ರ ಮೊದಲ ಆ್ಯಪಲ್ ವಾಚ್‌ನಲ್ಲಿ ಜಿಪಿಎಸ್ ಇರಲಿಲ್ಲ. 2016ರಲ್ಲಿ ಅದು ಬಂತು, 2017ರಲ್ಲಿ ಮೊಬೈಲ್ ಸಂಪರ್ಕವೂ ಬಂತು. ಆದರೂ ಪೆಬಲ್ ಹಾಕಿಕೊಟ್ಟ ಕೆಲಸದ ಹಂಚಿಕೆ ಇಂದಿಗೂ ಬಹುಪಾಲು ಗಡಿಯಾರಗಳಲ್ಲಿ ಮುಂದುವರಿದಿದೆ.

ಹೆಸರು ಸಾಗುವ ದಾರಿ

ಗಾರ್ಮಿನ್ ಗಡಿಯಾರದ ಹವಾಮಾನದ ಆ್ಯಪ್ ಒಂದನ್ನು ನೋಡೋಣ. ಇಂಥ ಆ್ಯಪ್‌ಗಳನ್ನು ಕನೆಕ್ಟ್ ಐಕ್ಯೂ ಎಂಬ ವೇದಿಕೆಯ ಮೇಲೆ ಮಂಕಿ ಸಿ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಗಡಿಯಾರದ ಮೇಲೆಯೇ ಅಕ್ಷರ ಟೈಪಿಸುವುದು ಹಿಂಸೆಯ ಕೆಲಸ: ಗುಂಡಿ ಒತ್ತುತ್ತ ಒಂದೊಂದೇ ಅಕ್ಷರ ಆರಿಸಬೇಕು. ಆದ್ದರಿಂದ ಬಳಕೆದಾರ ಸಾಮಾನ್ಯವಾಗಿ ಊರಿನ ಹೆಸರನ್ನು ಫೋನಿನ ಸೆಟ್ಟಿಂಗ್ಸ್ ಪುಟದಲ್ಲಿ ಬರೆಯುತ್ತಾನೆ. ಆ ಹೆಸರು ಬ್ಲೂಟೂತ್ ಮೂಲಕ ಗಡಿಯಾರಕ್ಕೆ ಬರುತ್ತದೆ. ಗಡಿಯಾರದೊಳಗಿನ ಆ್ಯಪ್ ಒಂದು ವೆಬ್ ವಿನಂತಿ ಸಿದ್ಧಪಡಿಸುತ್ತದೆ; ಅದು ಮತ್ತೆ ಬ್ಲೂಟೂತ್ ಹಿಡಿದು ಫೋನಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್ ಮೂಲಕ ಜಿಯೋಕೋಡಿಂಗ್ ಸರ್ವರ್ ತಲುಪುತ್ತದೆ. ಉತ್ತರ ಅದೇ ದಾರಿಯಲ್ಲಿ ವಾಪಸಾಗುತ್ತದೆ.

ಈ ದಾರಿಯ ಪ್ರತಿ ತಿರುವಿನಲ್ಲೂ ಕೆಲಸ ಕೆಡಬಹುದು. ಫೋನ್ ಹತ್ತಿರ ಇಲ್ಲದಿದ್ದರೆ ಆ್ಯಪ್‌ಗೆ ಸಿಗುವುದು ಮೈನಸ್ 104 ಎಂಬ ದೋಷಸಂಖ್ಯೆ. ಸರ್ವರ್ ಕೊಟ್ಟ ಉತ್ತರ ತೀರ ಉದ್ದವಾದರೆ ಮೈನಸ್ 402. ಉತ್ತರ ಬಂದರೂ ಅದನ್ನು ಬಿಡಿಸಿ ಓದಲು ಗಡಿಯಾರದ ಮೆಮೊರಿ ಸಾಲದಿದ್ದರೆ ಮೈನಸ್ 403. ಹಳೆಯ ಮಾದರಿಗಳಲ್ಲಿ ಒಂದು ವಿಜೆಟ್‌ಗೆ ಸಿಗುತ್ತಿದ್ದ ಜಾಗ 64 ಕಿಲೋಬೈಟ್. ಸಾಮಾನ್ಯ ಜಿಯೋಕೋಡಿಂಗ್ ಸರ್ವರ್ ಒಂದು ಹೆಸರಿಗೆ ಹತ್ತು ಉತ್ತರ ಕೊಡುತ್ತದೆ. ಪ್ರತಿಯೊಂದರಲ್ಲೂ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ, ಗಡಿಚೌಕ, ಹಕ್ಕುಸ್ವಾಮ್ಯದ ಸಾಲು ಇರುತ್ತವೆ. ಗಡಿಯಾರಕ್ಕೆ ಬೇಕಾದದ್ದು ಅದರಲ್ಲಿ ಎರಡು ಸಂಖ್ಯೆ. ಅನುಭವಿ ಡೆವಲಪರುಗಳು ನಡುವೆ ತಮ್ಮದೇ ಒಂದು ಚಿಕ್ಕ ಸರ್ವರ್ ಇಟ್ಟು, ಉದ್ದದ ಉತ್ತರವನ್ನು ಅಲ್ಲೇ ಕತ್ತರಿಸಿ, ಬೇಕಾದಷ್ಟನ್ನೇ ಕೆಳಗೆ ಕಳಿಸುತ್ತಾರೆ. ಜಿಯೋಕೋಡಿಂಗ್ ಸೇವೆಯ ಗುಪ್ತ ಕೀಲಿ ಗಡಿಯಾರದ ಆ್ಯಪ್‌ನಲ್ಲಿ ಸೋರಿಹೋಗದಿರುವುದು ಇದರ ಇನ್ನೊಂದು ಲಾಭ.

ವಾಚ್ ಫೇಸ್ ಮಾದರಿಯ ಆ್ಯಪ್‌ಗಳಿಗೆ ಕಟ್ಟುಪಾಡು ಇನ್ನೂ ಬಿಗಿ. ಅವು ಹಿನ್ನೆಲೆಯಲ್ಲಿ ಐದು ನಿಮಿಷಕ್ಕೊಮ್ಮೆಗಿಂತ ಹೆಚ್ಚು ಬಾರಿ ಎಚ್ಚರಗೊಳ್ಳುವಂತಿಲ್ಲ. ಎಚ್ಚರಗೊಂಡ ಮೇಲೆ 30 ಸೆಕೆಂಡಿನೊಳಗೆ ಕೆಲಸ ಮುಗಿಸಬೇಕು. ಪ್ರತಿ ಬಾರಿಯೂ ಊರಿನ ಹೆಸರು ಕಳಿಸಿ ನಿರ್ದೇಶಾಂಕ ಕೇಳುವ ಆ್ಯಪ್ ಬರೆಯುವವರು ಇದ್ದಾರೆ. ಅದು ಅವಿವೇಕ. ಊರು ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಹೆಸರು ಬದಲಾದಾಗ ಒಮ್ಮೆ ಹುಡುಕಿ, ಸಿಕ್ಕ ಸಂಖ್ಯೆಗಳನ್ನು ಗಡಿಯಾರದಲ್ಲೇ ಉಳಿಸಿಕೊಂಡರೆ ಮುಂದಿನದೆಲ್ಲ ಲೆಕ್ಕ ಮಾತ್ರ. ಆ್ಯಪಲ್ ಕೂಡ ತನ್ನ ಜಿಯೋಕೋಡರ್‌ನ ದಾಖಲೆಯಲ್ಲಿ ಬಳಕೆದಾರನ ಒಂದು ಕ್ರಿಯೆಗೆ ಒಂದೇ ವಿನಂತಿ ಸಾಕು ಎಂದು ಸೂಚಿಸುತ್ತದೆ. ಆಂಡ್ರಾಯ್ಡ್‌ನ ಜಿಯೋಕೋಡರ್‌ನ ಬೆನ್ನಿಗೆ ಒಂದು ಸೇವೆ ಇರಲೇಬೇಕು. ಅದು ಇಲ್ಲದ ಸಾಧನದಲ್ಲಿ ಸಿಗುವುದು ಖಾಲಿ ಪಟ್ಟಿ. ವೇರ್ ಓಎಸ್ ಗಡಿಯಾರಗಳಿಗೂ ಇದೇ ಮಾತು.

ಹೆಸರುಗಳ ಗೋಜಲು

ನಿಜವಾದ ಕಷ್ಟ ಇರುವುದು ತಂತ್ರದಲ್ಲಿ ಅಷ್ಟಲ್ಲ, ಹೆಸರುಗಳಲ್ಲಿ. ಫೋನಿನಲ್ಲಿ ‘ವಿಜಯಪುರ’ ಎಂದು ಬರೆದರೆ ಯಾವ ವಿಜಯಪುರ? 16.83 ಉತ್ತರ, 75.71 ಪೂರ್ವದಲ್ಲಿ ಗೋಳಗುಮ್ಮಟದ ವಿಜಯಪುರವಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ; ಎರಡಕ್ಕೂ ನೇರ ಗೆರೆಯಲ್ಲಿ ಸುಮಾರು 450 ಕಿಲೋಮೀಟರ್ ಅಂತರ. ಮಧ್ಯಪ್ರದೇಶದಲ್ಲೂ ಜಮ್ಮುವಿನಲ್ಲೂ ವಿಜಯಪುರಗಳಿವೆ. ಹಳೆಯ ಹೆಸರು ಬಿಜಾಪುರ ಎಂದು ಬರೆದು ಗೊಂದಲ ತಪ್ಪಿಸೋಣ ಎಂದರೆ ಛತ್ತೀಸಗಢದಲ್ಲಿ ಬಿಜಾಪುರ ಹೆಸರಿನ ಜಿಲ್ಲೆಯೇ ಇದೆ.

ಸರ್ವರುಗಳು ಇಂಥಲ್ಲಿ ಎರಡು ಉಪಾಯ ಹೂಡುತ್ತವೆ. ಜನಸಂಖ್ಯೆ ಹೆಚ್ಚಿರುವ ಊರನ್ನು ಮೇಲೆ ಇಡುವುದು ಒಂದು. ಕೇಳುವವರಿಗೆ ಹತ್ತಿರದ ಊರನ್ನು ಮೇಲೆ ಇಡುವುದು ಇನ್ನೊಂದು. ಮೊದಲನೆಯದು ದೇವನಹಳ್ಳಿ ಕಡೆಯ ರೇಷ್ಮೆ ಬೆಳೆಗಾರನಿಗೆ ಉತ್ತರ ಕರ್ನಾಟಕದ ಬಿಸಿಲಿನ ಲೆಕ್ಕ ತೋರಿಸುತ್ತದೆ. ಎರಡನೆಯದು, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಗೋಳಗುಮ್ಮಟ ನೋಡಲು ಹೊರಟವನಿಗೆ ಪಕ್ಕದ ಪಟ್ಟಣದ ಮಳೆ ತೋರಿಸುತ್ತದೆ. ಎರಡರಲ್ಲಿ ಯಾವುದೂ ಸದಾ ಸರಿಯಲ್ಲ. ‘ವಿಜಯಪುರ, ವಿಜಯಪುರ ಜಿಲ್ಲೆ’, ‘ವಿಜಯಪುರ, ಬೆಂಗಳೂರು ಗ್ರಾಮಾಂತರ’ ಎಂದು ಮೂರು ನಾಲ್ಕು ಸಾಲು ತೋರಿಸಿ ಬಳಕೆದಾರನನ್ನೇ ಆರಿಸಲು ಬಿಡುವುದು ಒಳ್ಳೆಯ ಆ್ಯಪ್‌ನ ಲಕ್ಷಣ. ಮೊದಲ ಉತ್ತರವನ್ನೇ ಕಣ್ಣು ಮುಚ್ಚಿ ತೆಗೆದುಕೊಳ್ಳುವ ಆ್ಯಪ್‌ಗಳೇ ಹೆಚ್ಚು ಎಂಬುದು ಬೇಸರದ ಸಂಗತಿ.

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂತು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಹೊಸಪೇಟೆ, ಜೊತೆಗೆ ಬೆಳಗಾವಿ, ಕಲಬುರಗಿ, ವಿಜಯಪುರ. ಕೆಲವು ಕಾಗುಣಿತದ ತಿದ್ದುಪಡಿ. ಗುಲ್ಬರ್ಗ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಹೆಸರೇ ಬೇರೆಯಾದಂತೆ. ಹಳೆಯ ಪಟ್ಟಿಯನ್ನೇ ಒಳಗೆ ತುಂಬಿಕೊಂಡ ಗಡಿಯಾರಕ್ಕೆ ಹೊಸ ಹೆಸರು ಗೊತ್ತಿರುವುದಿಲ್ಲ. ಹೊಸದನ್ನು ಮಾತ್ರ ಇಟ್ಟುಕೊಂಡರೆ ಗುಲ್ಬರ್ಗ ಎಂದು ಬರೆಯುವ ಹಿರಿಯರಿಗೆ ಉತ್ತರವಿಲ್ಲ. ಹೀಗಾಗಿ ಒಳ್ಳೆಯ ಸ್ಥಳನಾಮ ಕೋಶದಲ್ಲಿ ಒಂದೇ ಊರಿಗೆ ಈಗಿನ ಹೆಸರು, ಹಳೆಯ ಹೆಸರು, ಪರ್ಯಾಯ ಹೆಸರು, ಪ್ರತಿ ಭಾಷೆಯ ಹೆಸರು ಎಂದು ಬೇರೆ ಬೇರೆ ಕಲಮುಗಳಿರುತ್ತವೆ.

ಹಳ್ಳಿಗಳ ವಿಷಯಕ್ಕೆ ಬಂದರೆ ಗೋಜಲು ಇಮ್ಮಡಿಸುತ್ತದೆ. ಹೊಸಹಳ್ಳಿ, ಕೋಡಿಹಳ್ಳಿ, ರಾಂಪುರ ಎಂಬ ಹೆಸರುಗಳು ಜಿಲ್ಲೆ ಜಿಲ್ಲೆಗೂ ಸಿಗುತ್ತವೆ. ಉತ್ತರ ಕರ್ನಾಟಕದ ಕಂದಾಯ ದಾಖಲೆಯಲ್ಲಿ ಒಂದೇ ಹೆಸರಿನ ಎರಡು ಊರುಗಳಿಗೆ ಬುದ್ರುಕ, ಖುರ್ದ್ ಎಂಬ ಬಾಲ ಹಚ್ಚುತ್ತಾರೆ. ಬಾಯಿಮಾತಿನಲ್ಲಿ ಅದು ಉದುರಿಹೋಗುತ್ತದೆ. ಜನವಸತಿಯೇ ಇಲ್ಲದ ಬೇಚಿರಾಕ್ ಗ್ರಾಮಕ್ಕೆ ಪಹಣಿಯಲ್ಲಿ ಹೆಸರಿದೆ, ಜನ ವಾಸಿಸುವ ತಾಂಡಾಕ್ಕೋ ಹಾಡಿಗೋ ಎಷ್ಟೋ ಕಡೆ ನಕ್ಷೆಯಲ್ಲಿ ಹೆಸರಿಲ್ಲ. ಪ್ರತಿ ಗ್ರಾಮಕ್ಕೂ ಬೇರೆಯದೇ ಸಂಖ್ಯೆ ಕೊಡುವ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶ ಆಡಳಿತಕ್ಕೆ ಅನುಕೂಲ. ಆದರೆ ತನ್ನ ಊರಿನ ಸಂಕೇತಸಂಖ್ಯೆ ನೆನಪಿಟ್ಟುಕೊಂಡು ಗಡಿಯಾರಕ್ಕೆ ಕೊಡುವವರು ಯಾರೂ ಇಲ್ಲ.

ಕೊಡಗು ಎಂಬ ಹೆಸರಿನ ಪಟ್ಟಣವಿಲ್ಲ. ಅದು ಜಿಲ್ಲೆ, ಕೇಂದ್ರ ಮಡಿಕೇರಿ. ‘ಕೊಡಗು’ ಎಂದು ಹುಡುಕಿದರೆ ಕೆಲವು ಸರ್ವರುಗಳು ಜಿಲ್ಲೆಯ ನಕ್ಷೆಯ ಮಧ್ಯಬಿಂದುವನ್ನು ಹಿಡಿದು ಕೊಡುತ್ತವೆ, ಅದು ಯಾರದೋ ಕಾಫಿ ತೋಟವೂ ಆಗಬಹುದು. ಘಟ್ಟದ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಆಗುಂಬೆ ಘಾಟಿಯ ತಲೆಯ ಮೇಲಿದೆ, ಸೋಮೇಶ್ವರ ಅದರ ಬುಡದಲ್ಲಿದೆ. ನಕ್ಷೆಯಲ್ಲಿ ಕೆಲವೇ ಕಿಲೋಮೀಟರ್ ಅಂತರವಿದ್ದರೂ ಹವೆ ಬೇರೆಯೇ.

ಕನ್ನಡ ಲಿಪಿ

ಕನ್ನಡದಲ್ಲಿ ಬರೆದ ಹೆಸರು ಹೆಚ್ಚು ಜಾಗ ಬೇಡುತ್ತದೆ. ‘ಮೈಸೂರು’ ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ: ಮ, ಐತ್ವ, ಸ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 18. ವೆಬ್ ವಿಳಾಸದಲ್ಲಿ ಕಳಿಸುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸಹಿತ ಮೂರು ಅಕ್ಷರವಾಗಿ ಹಿಗ್ಗಿ 54 ಆಗುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ 6 ಸಾಕಾಗುತ್ತಿತ್ತು. ಇನ್ನೊಂದು ಸೂಕ್ಷ್ಮವಿದೆ. ಐತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಅದರ ಬಾಲ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಬೈಟ್ ಹೋಲಿಸುವ ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಮಾಡದಿದ್ದರೆ ಪಟ್ಟಿಯಲ್ಲಿರುವ ಮೈಸೂರು ಸಿಗುವುದಿಲ್ಲ.

ಮಾತಿನಲ್ಲಿ ಕೇಳುವವರ ವಿಷಯ ಬೇರೆ. ‘ಮೈಸೂರಿನಲ್ಲಿ ಮಳೆ ಇದೆಯಾ’, ‘ಧಾರವಾಡಕ್ಕೆ ಎಷ್ಟು ದೂರ’, ‘ಬೆಳಗಾವಿಯ ಸೂರ್ಯಾಸ್ತ’ ಎಂದಾಗ ಊರಿನ ಹೆಸರು ವಿಭಕ್ತಿ ಪ್ರತ್ಯಯ ಹೊತ್ತು ಬರುತ್ತದೆ. ಕೋಶದಲ್ಲಿರುವುದು ಮೂಲ ಹೆಸರು ಮಾತ್ರ. ಪ್ರತ್ಯಯ ಕಳಚಿ, ‘ಮೈಸೂರಿ’ ಎಂಬ ಅರೆಬರೆ ತುಂಡನ್ನು ‘ಮೈಸೂರು’ ಮಾಡಿ ಆಮೇಲೆ ಹುಡುಕಬೇಕು. ಇಂಗ್ಲಿಷ್ ಹೆಸರುಗಳ ಉಚ್ಚಾರ ಹೋಲಿಸಲು 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ವಿಧಾನ ಅಲ್ಪಪ್ರಾಣ ಮಹಾಪ್ರಾಣ, ತಕಾರ ಟಕಾರಗಳ ಭೇದವಿರುವ ಭಾಷೆಗೆ ಒಗ್ಗುವುದಿಲ್ಲ.

ಸಂಖ್ಯೆಗಳ ಕಡೆ

ಸಿಕ್ಕ ಸಂಖ್ಯೆ ಎಷ್ಟು ನಿಖರವಾಗಿರಬೇಕು ಎಂಬುದನ್ನು ಕೆಲಸವೇ ನಿರ್ಧರಿಸುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಮಾಂಶದ ಎರಡನೆಯ ಸ್ಥಾನ ಸುಮಾರು 1.1 ಕಿಲೋಮೀಟರ್, ನಾಲ್ಕನೆಯದು 11 ಮೀಟರ್. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವ ಮಂಗಳೂರು ಮತ್ತು ಕೋಲಾರದ ನಡುವೆ ಮೂರೂ ಕಾಲು ಡಿಗ್ರಿ ಅಂತರವಿರುವುದರಿಂದ ಕೋಲಾರದಲ್ಲಿ ಸೂರ್ಯ ಸುಮಾರು 13 ನಿಮಿಷ ಮುಂಚೆ ಹುಟ್ಟುತ್ತಾನೆ. ಬೆಂಗಳೂರಿನ ಪಂಚಾಂಗದ ರಾಹುಕಾಲವನ್ನು ಇಡೀ ರಾಜ್ಯಕ್ಕೆ ತೋರಿಸುವ ಆ್ಯಪ್ ಎಷ್ಟು ತಪ್ಪುತ್ತದೆ ಎಂಬುದಕ್ಕೆ ಇದೇ ಅಳತೆ. ಆದರೆ ಅದೇ ಲೆಕ್ಕದಲ್ಲಿ ರೇಖಾಂಶದ 0.01 ಡಿಗ್ರಿಯ ವ್ಯತ್ಯಾಸ 2.4 ಸೆಕೆಂಡ್ ಮಾತ್ರ. ಸೂರ್ಯೋದಯಕ್ಕೆ ಎರಡು ದಶಮಾಂಶ ಸಾಕು. ಹವಾಮಾನಕ್ಕೂ ಅಷ್ಟೇ: ಯುರೋಪಿನ ಮುನ್ಸೂಚನಾ ಕೇಂದ್ರದ ಜಾಗತಿಕ ಮಾದರಿಯ ಚೌಕಗಳು ಸುಮಾರು 9 ಕಿಲೋಮೀಟರ್ ಅಗಲದವು. ಚಾರಣದ ದಾರಿ ತೋರಿಸುವ ಆ್ಯಪ್‌ಗೆ ಮಾತ್ರ ನಾಲ್ಕೈದು ದಶಮಾಂಶ ಬೇಕು.

ಗಾರ್ಮಿನ್ ಗಡಿಯಾರಗಳು ತಮ್ಮ ಕಡತಗಳಲ್ಲಿ ಡಿಗ್ರಿಗಳನ್ನು ದಶಮಾಂಶವಾಗಿ ಬರೆಯದೆ ‘ಸೆಮಿಸರ್ಕಲ್’ ಎಂಬ ಪೂರ್ಣಾಂಕದಲ್ಲಿ ಇಡುತ್ತವೆ. 180 ಡಿಗ್ರಿಯನ್ನು 2ರ 31ನೆಯ ಘಾತದಷ್ಟು ಭಾಗ ಮಾಡಿದಾಗ ಬರುವ ಘಟಕ ಅದು. ಒಂದು ಘಟಕ ನೆಲದ ಮೇಲೆ ಒಂದು ಸೆಂಟಿಮೀಟರಿಗಿಂತ ಕಡಿಮೆ. ಮೈಸೂರಿನ 12.30 ಡಿಗ್ರಿ ಅಲ್ಲಿ 14,67,44,716 ಆಗುತ್ತದೆ. ಇದನ್ನು ತಿಳಿಯದೆ ಡಿಗ್ರಿಯೆಂದೇ ಓದಿದರೆ ಬರುವ ಉತ್ತರಕ್ಕೆ ಭೂಮಿಯ ಮೇಲೆ ಜಾಗವೇ ಇಲ್ಲ.

ಅಕ್ಷಾಂಶ ರೇಖಾಂಶ ಅದಲು ಬದಲಾಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಬಹಳಷ್ಟು ಸೇವೆಗಳು ಅಕ್ಷಾಂಶವನ್ನು ಮೊದಲು ಬರೆಯುತ್ತವೆ. ಜಿಯೋಜೇಸನ್ ಎಂಬ ದತ್ತಾಂಶ ಮಾದರಿಯಲ್ಲಿ ರೇಖಾಂಶ ಮೊದಲು. ಮೈಸೂರಿನ ಸಂಖ್ಯೆಗಳು ತಿರುವುಮುರುವಾದರೆ ಗಡಿಯಾರ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ನಿಲ್ಲುತ್ತದೆ. ಪುಣ್ಯಕ್ಕೆ ಭಾರತದಲ್ಲಿ ಇದನ್ನು ಹಿಡಿಯುವುದು ಸುಲಭ: ದೇಶದ ಎಲ್ಲ ಅಕ್ಷಾಂಶಗಳೂ 38ರ ಕೆಳಗೆ, ಎಲ್ಲ ರೇಖಾಂಶಗಳೂ 68ರ ಮೇಲೆ. ಇನ್ನೊಂದು ಪ್ರಸಿದ್ಧ ತಪ್ಪು ‘ನಲ್ ಐಲ್ಯಾಂಡ್’. ಊರು ಸಿಗದಿದ್ದಾಗ ಆ್ಯಪ್ ದೋಷವನ್ನು ಹೇಳದೆ ಎರಡೂ ಕಡೆ ಸೊನ್ನೆ ತುಂಬಿದರೆ, ಗಡಿಯಾರ ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ಹವಾಮಾನ ತೋರಿಸುತ್ತದೆ. ಅಲ್ಲಿ ದ್ವೀಪವೂ ಇಲ್ಲ, ಇರುವುದು ಹವಾಮಾನ ಅಳೆಯುವ ಒಂದು ತೇಲುಬುರುಡೆ.

ದತ್ತಾಂಶದ ಮೂಲಗಳು

ಬಿಡಿ ಡೆವಲಪರುಗಳು ಹೆಚ್ಚಾಗಿ ಎರಡು ಮುಕ್ತ ಮೂಲಗಳನ್ನು ನೆಚ್ಚುತ್ತಾರೆ. ಲಂಡನ್ನಿನಲ್ಲಿ ಸ್ಟೀವ್ ಕೋಸ್ಟ್ 2004ರಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಒಂದು. ಅದರ ಮೇಲೆ ನಡೆಯುವ ಹುಡುಕು ಯಂತ್ರ ನಾಮಿನಾಟಿಮ್. ಅದರ ಉಚಿತ ಸರ್ವರ್ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿನಂತಿ ಒಪ್ಪುವುದಿಲ್ಲ, ಅಕ್ಷರ ಒತ್ತಿದಂತೆ ಸಲಹೆ ಕೊಡುವ ಬಳಕೆಯನ್ನೂ ನಿಷೇಧಿಸಿದೆ. ಇನ್ನೊಂದು ಜಿಯೋನೇಮ್ಸ್. ಅದು ಜನಸಂಖ್ಯೆಯ ಮಿತಿ ಹಾಕಿ ಸೋಸಿದ ಚಿಕ್ಕ ಪಟ್ಟಿಗಳನ್ನೂ ಕೊಡುತ್ತದೆ, ಗಡಿಯಾರದೊಳಗೇ ಊರುಗಳ ಪಟ್ಟಿ ತುಂಬಲು ಅವು ಅನುಕೂಲ. ನೂರು ಊರುಗಳ ನಿರ್ದೇಶಾಂಕಕ್ಕೆ 800 ಬೈಟ್ ಸಾಕು. ಜಾಗ ತಿನ್ನುವುದು ಹೆಸರುಗಳು.

ಕಂಪನಿಗಳ ಸೇವೆ ನಂಬಿದವರಿಗೆ ಪಾಠ ಕಲಿಸಿದ ಉದಾಹರಣೆಗಳಿವೆ. ಯಾಹೂ ಪ್ರತಿ ಊರಿಗೂ ತನ್ನದೇ ಗುರುತುಸಂಖ್ಯೆ ಕೊಟ್ಟಿತ್ತು. ಹವಾಮಾನ ತೋರಿಸುವ ಎಷ್ಟೋ ಆ್ಯಪ್‌ಗಳು ಅದನ್ನೇ ಉಳಿಸಿಕೊಂಡಿದ್ದವು. 2019ರ ಜನವರಿಯಲ್ಲಿ ಆ ಉಚಿತ ಹವಾಮಾನ ಸೇವೆ ನಿಂತಿತು. ಆ್ಯಪಲ್ 2020ರಲ್ಲಿ ಕೊಂಡ ಡಾರ್ಕ್ ಸ್ಕೈ ಎಂಬ ಹವಾಮಾನ ಸಂಸ್ಥೆಯ ಸೇವೆ 2023ರ ಮಾರ್ಚ್ ಕೊನೆಗೆ ಮುಗಿಯಿತು. ಎರಡೂ ಸಲ ಅಕ್ಷಾಂಶ ರೇಖಾಂಶಗಳನ್ನೇ ಇಟ್ಟುಕೊಂಡಿದ್ದ ಆ್ಯಪ್‌ಗಳಿಗೆ ಬೇರೆ ಸೇವೆಗೆ ದಾಟುವುದು ಸುಲಭವಾಗಿತ್ತು.

ಹೆಸರಿನ ಗೊಡವೆಯೇ ಬೇಡ ಎನ್ನುವವರಿಗೆ ಸಂಕೇತಗಳಿವೆ. 1972ರಲ್ಲಿ ಬಂದ ಆರಂಕಿಯ ಪಿನ್ ಕೋಡ್ ಅಂಚೆ ಬಟವಾಡೆಗಾಗಿ ಹುಟ್ಟಿದ್ದು. ಒಂದೇ ಕೋಡಿನಡಿ ಅನೇಕ ಹಳ್ಳಿಗಳು ಬರುತ್ತವೆ, ಅದನ್ನು ನಿರ್ದೇಶಾಂಕ ಮಾಡಲು ಕೋಷ್ಟಕ ಬೇಕೇ ಬೇಕು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬೇರೆ ಬಗೆಯದು. ಭಾರತವನ್ನು ಒಳಗೊಂಡ 36 ಡಿಗ್ರಿಯ ಚೌಕವನ್ನು 16 ಭಾಗ ಮಾಡಿ, ಬೇಕಾದ ಭಾಗವನ್ನು ಮತ್ತೆ 16 ಮಾಡಿ, ಹೀಗೆ ಹತ್ತು ಸಲ ಒಡೆದಾಗ ಸುಮಾರು 4 ಮೀಟರಿನ ಚೌಕ ಸಿಗುತ್ತದೆ. ಪ್ರತಿ ಹಂತಕ್ಕೂ ಒಂದು ಅಕ್ಷರ. ಹತ್ತು ಅಕ್ಷರಗಳಿಂದ ನಿರ್ದೇಶಾಂಕ ತೆಗೆಯಲು ಕೋಷ್ಟಕವೂ ಬೇಡ, ಇಂಟರ್ನೆಟ್ಟೂ ಬೇಡ. ಹಳೆಯ ಗಡಿಯಾರಕ್ಕೂ ನಿಲುಕುವ ಲೆಕ್ಕ. ಗೂಗಲ್‌ನ ಪ್ಲಸ್ ಕೋಡ್‌ಗಳದ್ದೂ ಇದೇ ಗುಣ.

ಗೋಪ್ಯತೆ

ಜಿಯೋಕೋಡಿಂಗ್‌ಗೆ ಕಳಿಸಿದ ಹೆಸರು ಫೋನ್ ತಯಾರಕರು, ಆ್ಯಪ್‌ನ ಸರ್ವರ್, ಜಿಯೋಕೋಡಿಂಗ್ ಸೇವೆ ಎಂದು ಹಲವರ ಕೈದಾಟಿ ಹೋಗಬಹುದು. ಗಡಿಯಾರದ ಸ್ಥಳಮಾಹಿತಿ ಎಷ್ಟು ದೂರ ಹೋಗಬಲ್ಲದು ಎಂಬುದು 2018ರ ಜನವರಿಯಲ್ಲಿ ಜಗತ್ತಿಗೆ ತಿಳಿಯಿತು: ಓಟಗಾರರ ದಾರಿಗಳನ್ನು ಒಟ್ಟುಗೂಡಿಸಿ ವ್ಯಾಯಾಮದ ಆ್ಯಪ್ ಸ್ಟ್ರಾವಾ ಪ್ರಕಟಿಸಿದ್ದ ನಕ್ಷೆಯಲ್ಲಿ ಸೇನಾ ನೆಲೆಗಳ ಆಕಾರ ಎದ್ದು ಕಂಡಿತು. ಹವಾಮಾನಕ್ಕೂ ಸೂರ್ಯೋದಯಕ್ಕೂ ಊರಿನ ಹೆಸರು, ತಪ್ಪಿದರೆ ತಾಲ್ಲೂಕಿನ ಹೆಸರು ಸಾಕು. ಮನೆ ನಂಬರು, ಬೀದಿ ಕೇಳುವ ಹವಾಮಾನದ ಆ್ಯಪ್‌ಗೆ ಅದನ್ನು ಕೊಡಬೇಕಾಗಿಲ್ಲ.